ಗೇಟಿನ ಮೇಲಿನ ಹೆಸರು, ಪಟ್ಟಿಯಲ್ಲಿ ಸಿಗದ ಹೆಸರುಗಳು

ಬಳ್ಳಾರಿಯಲ್ಲಿ ಆಟೊದವರಿಗೆ ‘ಎ.ಎಸ್.ಎಂ. ಕಾಲೇಜು’ ಎಂದರೆ ಸಾಕು. ಪೂರ್ತಿ ಹೆಸರು ಅಲ್ಲಂ ಸುಮಂಗಳಮ್ಮ ಸ್ಮಾರಕ ಮಹಿಳಾ ಮಹಾವಿದ್ಯಾಲಯ, ನಡೆಸುವುದು ವೀರಶೈವ ವಿದ್ಯಾವರ್ಧಕ ಸಂಘ. ಹೆಣ್ಣುಮಕ್ಕಳ ಕಾಲೇಜಿಗೆ ದಾನಿಗಳ ಮನೆತನದ ಹೆಣ್ಣುಮಗಳೊಬ್ಬರ ಹೆಸರಿಡುವುದು ನಮ್ಮ ಕಡೆ ಹಳೆಯ ರೂಢಿ. ಆ ಹೆಸರು ಗೇಟಿನ ಮೇಲೆ ಉಳಿಯುತ್ತದೆ. ಅದೇ ಗೇಟು ದಾಟಿ ಹೊರಗೆ ಹೋದವರ ಹೆಸರುಗಳ ಬಗ್ಗೆ ಕೇಳಿದರೆ ಯಾವ ಕಾಲೇಜಿನ ಬಳಿಯೂ ದೊಡ್ಡ ಉತ್ತರವಿಲ್ಲ. ರ‍್ಯಾಂಕ್ ಬಂದವರ ಫೋಟೊ ಇರುತ್ತದೆ, ಚಿನ್ನದ ಪದಕದವರ ಪಟ್ಟಿ ಇರುತ್ತದೆ, ಕೆ.ಎ.ಎಸ್. ಆದವರಿಗೆ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದ ನೆನಪಿರುತ್ತದೆ. ಮಿಕ್ಕವರು ‘ಮದುವಿ ಆಗಿ ಸೆಟಲ್ ಆದ್ರು’ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ.

ಅಲ್ಲಿಗೆ ಮುಗಿಸುವುದು ತಪ್ಪು ಎನ್ನುವುದು ಈ ಲೇಖನದ ವಾದ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕನ್ನಡ ಶಾಲೆ, ಅಂಗನವಾಡಿ, ಗ್ರಾಮೀಣ ಬ್ಯಾಂಕಿನ ಶಾಖೆ, ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ, ಇವುಗಳ ಹಿಂದೆ ಹೀಗೆ ‘ಸೆಟಲ್’ ಆದವರೇ ಇದ್ದಾರೆ. ಅವರ ಸಾಧನೆ ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಅದು ಕಾಲೇಜಿನ ಊರಿನಲ್ಲಿ ಕಾಣುವುದಿಲ್ಲ. ಗಂಡನ ಮನೆಯ ಊರಿನಲ್ಲಿ, ಬೇರೊಂದು ಅಡ್ಡಹೆಸರಿನ ಅಡಿಯಲ್ಲಿ ಕಾಣುತ್ತದೆ. ಇದು ಹೀಗಾದದ್ದಕ್ಕೆ ನೂರು ವರ್ಷದಷ್ಟು ಹಿಂದಿನ ಕಾರಣಗಳಿವೆ.

ಎರಡು ರಾಜ್ಯಗಳು, ಎರಡು ದಾರಿ

ಇವತ್ತು ಮೂರೂ ಜಿಲ್ಲೆಗಳು ಕಲ್ಯಾಣ ಕರ್ನಾಟಕ ಎಂಬ ಒಂದೇ ಚೀಲದಲ್ಲಿವೆ. ಇತಿಹಾಸ ಹಾಗಿಲ್ಲ. ಬಳ್ಳಾರಿಯನ್ನು ನಿಜಾಮ 1800ರಲ್ಲೇ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರ ಅಕ್ಟೋಬರ್ 1ರವರೆಗೆ ಅದು ಮದ್ರಾಸಿನದು. ರಾಯಚೂರು ಹೈದರಾಬಾದ್ ಸಂಸ್ಥಾನದ ಜಿಲ್ಲೆ, ಕೊಪ್ಪಳ ಅದರೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರು. ಎರಡೂ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆಯ ನಂತರ, ಕನ್ನಡ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದಂತೂ 1997ರಲ್ಲಿ.

ಹೆಣ್ಣುಮಕ್ಕಳ ಓದಿನ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು. ಬಳ್ಳಾರಿಗೆ ಲಂಡನ್ ಮಿಷನ್ನಿನವರು 1810ರಲ್ಲಿ ಬಂದರು. ವಾರ್ಡ್ಲಾ ಶಾಲೆ 1846ರಷ್ಟು ಹಳೆಯದು. ಮಿಷನ್ನು ಇಂಗ್ಲಿಷ್ ಶಾಲೆಯ ರುಚಿ ತೋರಿಸಿತು, ಊರ ವರ್ತಕರು ಅದನ್ನು ನೋಡಿ ತಮ್ಮದೇ ಸಂಘಗಳನ್ನು ಕಟ್ಟಿದರು. ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1916ರಲ್ಲಿ, ಅದರ ವೀರಶೈವ ಕಾಲೇಜು ಬಂದದ್ದು 1945ರಲ್ಲಿ. ಮಗಳನ್ನು ಅದಕ್ಕೂ ಮೊದಲು ಬಿ.ಎ. ಮಾಡಿಸಬೇಕೆಂದಿದ್ದ ಬಳ್ಳಾರಿಯ ತಂದೆಗೆ ದಾರಿ ಮದ್ರಾಸಿನ ಕಡೆಗಿತ್ತು; ಅಲ್ಲಿ ಕ್ವೀನ್ ಮೇರಿಸ್ ಕಾಲೇಜು 1914ರಲ್ಲಿ, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು 1915ರಲ್ಲಿ ತೆರೆದಿದ್ದವು. ಆ ದಾರಿ ಹಿಡಿದವರು ವಕೀಲರ, ಅಧಿಕಾರಿಗಳ ಮನೆಯ ಕೆಲವೇ ಹೆಣ್ಣುಮಕ್ಕಳು.

ರಾಯಚೂರಿನ ಪರಿಸ್ಥಿತಿ ವಿಚಿತ್ರ. 1871ರಲ್ಲೇ ಮುಂಬಯಿ ಕಡೆಯ ರೈಲುಹಳಿ, ಮದ್ರಾಸ್ ಕಡೆಯ ರೈಲುಹಳಿ ಎರಡೂ ಬಂದು ಕೂಡಿದ ಊರು ಅದು. ಆದರೂ ಕಾಲೇಜಿಗೆ ಹೈದರಾಬಾದಿಗೇ ಹೋಗಬೇಕು. ಅಲ್ಲಿ 1924ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಶುರುವಾಗಿತ್ತು, ನಿಜ. ಪಾಠ ಮಾತ್ರ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಕೇಳಿ ಬೆಳೆದ ಹುಡುಗಿ ವಿಜ್ಞಾನವನ್ನೋ ಇತಿಹಾಸವನ್ನೋ ಉರ್ದುವಿನಲ್ಲಿ ಬರೆದು ಪಾಸಾಗಬೇಕಿತ್ತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದರ ಬೆಲೆ ಈ ಹಿನ್ನೆಲೆಯಲ್ಲಿ ಗೊತ್ತಾಗುತ್ತದೆ. ಮಂಗಳೂರು ಕಡೆಯಿಂದ ಬಂದ ಈ ವೈದ್ಯ, ಸುಧಾರಕ, ಸಂಗೀತಪ್ರೇಮಿ ಶಾಲೆಗೆ ಹೆಸರಿಟ್ಟದ್ದೂ ಉರ್ದುವಿನಲ್ಲೇ. ಒಳಗೆ ಬೆಳೆದದ್ದು ಹಿಂದೂ-ಮುಸ್ಲಿಂ ಎನ್ನದೆ ಎಲ್ಲರೂ ಕೂತು ಕಲಿಯುವ ವಾತಾವರಣ. ಅವರ ಹೆಸರಿನ ತಾರಾನಾಥ ಶಿಕ್ಷಣ ಸಂಸ್ಥೆಯೇ ಮುಂದೆ ರಾಯಚೂರಿನಲ್ಲಿ ಎಲ್.ವಿ.ಡಿ. ಕಾಲೇಜನ್ನೂ ಎಸ್.ಎಸ್.ಆರ್.ಜಿ. ಮಹಿಳಾ ಮಹಾವಿದ್ಯಾಲಯವನ್ನೂ ನಡೆಸಿತು.

ಹೀಗಾಗಿ ಕನ್ನಡ ರಾಜ್ಯ ಒಂದಾದಾಗ ಬಳ್ಳಾರಿಯ ಹೆಣ್ಣುಮಕ್ಕಳು ಒಂದೆರಡು ತಲೆಮಾರು ಮುಂದಿದ್ದರು. ಆ ಅಂತರ ಇನ್ನೂ ಪೂರ್ತಿ ಅಳಿದಿಲ್ಲ. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 58ರಷ್ಟಿದ್ದರೆ ರಾಯಚೂರಿನದು ಶೇ 49ನ್ನೂ ಮುಟ್ಟಲಿಲ್ಲ. ರಾಜ್ಯದ ಸರಾಸರಿ ಶೇ 68. ಎಂದರೆ, ಎ.ಎಸ್.ಎಂ.ನಂಥ ಕಾಲೇಜುಗಳು ಡಿಗ್ರಿ ಕೊಟ್ಟು ಕಳಿಸಿದ್ದು ಅಕ್ಷರ ಬಾರದ ತಾಯಂದಿರ ಮಕ್ಕಳನ್ನು.

ನೀರು, ಭತ್ತ, ಕಾಲೇಜು

ಕಾಲೇಜಿಗೆ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಯತ್ತ ಹರಿಯಿತು. ಬಲದಂಡೆಯ ಕಾಲುವೆಗಳು ಹೊಸಪೇಟೆ, ಬಳ್ಳಾರಿ, ಸಿರುಗುಪ್ಪದ ಕಡೆ. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿ ಬಂದವು, ಹತ್ತಿ ಜಿನ್ನಿಂಗ್ ಬಂತು. ಗಿರಣಿ ಮಾಲೀಕರು, ದಲ್ಲಾಳಿ ಅಂಗಡಿಯವರು, ಮಠಗಳ ಭಕ್ತರು ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಗೆ ಬಂದರು. ನೀರಾವರಿ ಊರುಗಳಲ್ಲಿ ಕಾಲೇಜು ಬೇಗ ಬಂತು. ಕುಷ್ಟಗಿ, ಯಲಬುರ್ಗಾ, ದೇವದುರ್ಗದಂಥ ಒಣ ತಾಲೂಕುಗಳಲ್ಲಿ ತಡವಾಯಿತು. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ ನಮ್ಮ ಭಾಗದ ಪಾಲು ಅತಿ ದೊಡ್ಡದು.

ದಾನಿಗಳು ಬರಿಯ ಉದಾರತನದಿಂದ ಮಹಿಳಾ ಕಾಲೇಜು ಕಟ್ಟಿದರೆಂದು ನನಗೆ ಅನಿಸುವುದಿಲ್ಲ. ಹುಡುಗರ ಜೊತೆ ಕೂರಿಸಲು ಮನಸ್ಸಿಲ್ಲದ ಅಪ್ಪಂದಿರಿಗೆ ಎತ್ತರದ ಕಾಂಪೌಂಡು, ಒಂದು ಗೇಟು, ಗೇಟಿನಲ್ಲಿ ವಾಚ್‌ಮನ್ ಬೇಕಿತ್ತು. ಓದಿದ ವರನಿಗೆ ಓದಿದ ವಧು ಬೇಕೆಂಬ ಬೇಡಿಕೆಯೂ ಹುಟ್ಟಿತ್ತು. ‘ಹುಡುಗಿ ಡಿಗ್ರಿ ಮುಗಿಸ್ಯಾಳ’ ಎನ್ನುವುದು ಕನ್ಯೆ ನೋಡಲು ಬಂದವರ ಮುಂದೆ ಹೇಳುವ ಮಾತಾಯಿತು. ಆದರೆ ಅದೇ ಕಾಂಪೌಂಡಿನ ಒಳಗೆ ಬೇರೆಯದೂ ನಡೆಯಿತು. ಹುಡುಗರಿಲ್ಲದ ಕಡೆ ಚರ್ಚಾಸ್ಪರ್ಧೆಗೆ ಎದ್ದು ನಿಲ್ಲುವವಳೂ ಹುಡುಗಿ, ಕ್ರೀಡಾಕೂಟ ನಡೆಸುವವಳೂ ಹುಡುಗಿ, ಎನ್ನೆಸ್ಸೆಸ್ ಶಿಬಿರಕ್ಕೆ ಹಳ್ಳಿಗೆ ಹೋಗಿ ಚರಂಡಿ ತೆಗೆಯುವವಳೂ ಹುಡುಗಿ. ಬಳ್ಳಾರಿ ಕಾಲೇಜಿನ ಒಂದು ಬೆಂಚಿನಲ್ಲಿ ಮನೆಯಲ್ಲಿ ತೆಲುಗು ಮಾತಾಡುವವಳು, ಉರ್ದು ಮಾತಾಡುವವಳು, ಕನ್ನಡದವಳು ಮೂವರೂ ಕೂತಿರುತ್ತಿದ್ದರು. ಜಾತಿ ಸಂಘ ಕಟ್ಟಿದ ಕಾಲೇಜಿನಲ್ಲಿ ಬೇರೆ ಬೇರೆ ಜಾತಿಯ ಹುಡುಗಿಯರು ಡಬ್ಬಿ ಹಂಚಿಕೊಂಡದ್ದು ಸಂಸ್ಥಾಪಕರ ಲೆಕ್ಕದಲ್ಲಿ ಇತ್ತೋ ಇಲ್ಲವೋ, ಅದೂ ನಡೆಯಿತು.

ಅವರು ಮಾಡಿದ ಕೆಲಸ

ಮೊದಲ ತಲೆಮಾರಿನ ಪದವೀಧರೆಯರಿಗೆ ಮನೆಯವರು ಒಪ್ಪುತ್ತಿದ್ದ ನೌಕರಿ ಒಂದೇ: ಟೀಚರ್. ಡಿಗ್ರಿ ಆದ ಮೇಲೆ ಬಿ.ಇಡಿ., ಇಲ್ಲವೇ ಪಿಯುಸಿ ಆದ ಮೇಲೆ ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ. ನಿಜಾಮರ ಕಾಲದ ಉರ್ದು ಆಡಳಿತದಿಂದ ಹೊರಬಂದ ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ಹೊಸದಾಗಿ ತೆರೆಯುತ್ತಿದ್ದವು, ಶಿಕ್ಷಕಿಯರು ಬೇಕಿತ್ತು. ಶಾಲೆಯಲ್ಲಿ ಒಬ್ಬ ‘ಅಕ್ಕೋರು’ ಇದ್ದರೆ ಮಗಳನ್ನು ಕಳಿಸಲು ತಾಯಂದಿರಿಗೆ ಧೈರ್ಯ. ಅಕ್ಕೋರು ಹಳ್ಳಿಯಲ್ಲಿ ಪಾಠವಷ್ಟೇ ಮಾಡಲಿಲ್ಲ. ಬ್ಯಾಂಕಿನ ಫಾರಂ ತುಂಬಿದರು, ಪೋಸ್ಟ್‌ಮ್ಯಾನ್ ತಂದ ಕಾಗದ ಓದಿ ಹೇಳಿದರು, ಏಳನೇ ತರಗತಿಯ ಹುಡುಗಿಗೆ ಮದುವೆ ನಿಶ್ಚಯವಾದಾಗ ಮನೆಗೆ ಹೋಗಿ ‘ಎಸ್ಸೆಸ್ಸೆಲ್ಸಿ ಮುಗೀಲಿ ತಡೀರಿ’ ಎಂದು ಜಗಳ ಮಾಡಿದರು. ಆ ಜಗಳದಲ್ಲಿ ಗೆದ್ದದ್ದೆಷ್ಟು ಸೋತದ್ದೆಷ್ಟು ಎಂದು ಯಾವ ಸರ್ವಿಸ್ ಬುಕ್ಕಿನಲ್ಲೂ ಬರೆದಿಲ್ಲ.

ಎರಡನೆಯ ಬಾಗಿಲು ಬ್ಯಾಂಕು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಶುರುವಾಯಿತು. ಹೆಸರು ಬದಲಾಗುತ್ತ ಪ್ರಗತಿ, ಪ್ರಗತಿ ಕೃಷ್ಣ, ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಮುಖ್ಯ ಕಚೇರಿ ಬಳ್ಳಾರಿಯಲ್ಲೇ ಉಳಿಯಿತು. 2000ದ ಹೊತ್ತಿಗೆ ಸ್ತ್ರೀಶಕ್ತಿ ಎಂಬ ಹೆಂಗಸರ ಉಳಿತಾಯ-ಸಾಲದ ಗುಂಪುಗಳು ಊರೂರಲ್ಲಿ ಹುಟ್ಟಿದಾಗ ಗುಂಪಿಗೊಬ್ಬಳು ಲೆಕ್ಕ ಬರೆಯುವವಳು ಬೇಕಾದಳು. ಊರಿನ ಸೊಸೆಯರಲ್ಲಿ ಡಿಗ್ರಿ ಆದವಳು ಯಾರೆಂದು ಆಗ ಹುಡುಕಿದರು. ಸ್ವಸಹಾಯ ಸಂಘಗಳನ್ನು ಕೂಡಿಸಿದ ಇಂದಿನ ಸಂಜೀವಿನಿ ಒಕ್ಕೂಟಗಳಲ್ಲಿ ಆ ಕೆಲಸಕ್ಕೆ ಎಂ.ಬಿ.ಕೆ., ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ ಎಂಬ ಹೆಸರಿದೆ. ಕೃಷಿ ಸಖಿ, ಪಶು ಸಖಿ ಕೂಡ ಇದ್ದಾರೆ. ಸಂಬಳ ಎನ್ನುವಂತಿಲ್ಲ, ಗೌರವಧನ. ಬಿ.ಕಾಂ. ಓದಿದವಳೊಬ್ಬಳು ಒಕ್ಕೂಟದ ಸಾಲ-ಬಡ್ಡಿ-ಕಂತಿನ ಲೆಕ್ಕ ಹಿಡಿದು ಕೂತರೆ, ಕಾಲೇಜಿನ ಕಣ್ಣಿಗೆ ಆಕೆ ಇನ್ನೂ ‘ಗೃಹಿಣಿ’.

ಇವೆರಡರ ನಡುವೆ ಇನ್ನೊಂದು ಅಧ್ಯಾಯವಿದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಹಳ್ಳಿಯ ಬಡ ಹೆಂಗಸರ ಸಂಘಗಳನ್ನು ಕಟ್ಟುವ ಕೇಂದ್ರದ ಯೋಜನೆ ಮಹಿಳಾ ಸಮಖ್ಯಾ ಕರ್ನಾಟಕದಲ್ಲಿ 1989ರ ಹೊತ್ತಿಗೆ ಆರಂಭವಾಗಿ ನಂತರ ರಾಯಚೂರು, ಕೊಪ್ಪಳಕ್ಕೂ ಬಂತು. ಅದರ ಬೆನ್ನೆಲುಬು ‘ಸಹಯೋಗಿನಿ’ಯರು. ಒಬ್ಬೊಬ್ಬರಿಗೆ ಹತ್ತು ಊರುಗಳ ಆಸುಪಾಸು. ಹತ್ತನೆಯದು ಓದಿದವರು, ಪಿಯುಸಿ ಆದವರು, ಡಿಗ್ರಿಯವರು ಎಲ್ಲರೂ ಇದ್ದರು. ಬಸ್ಸಿಲ್ಲದ ಊರಿಗೆ ನಡೆದು, ರಾತ್ರಿ ದಲಿತ ಕೇರಿಯಲ್ಲಿ ಸಂಘದ ಸಭೆ ಮಾಡಿ, ಅಲ್ಲೇ ಮಲಗಿ ಬೆಳಿಗ್ಗೆ ಮುಂದಿನ ಊರಿಗೆ ಹೋಗುವ ಕೆಲಸ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತಾದರೂ ಮುತ್ತು ಕಟ್ಟಿ ಹುಡುಗಿಯರನ್ನು ದೇವರಿಗೆ ಬಿಡುವುದು ಗುಟ್ಟಾಗಿ ನಡೆದೇ ಇತ್ತು. ಶಾಲೆಯ ಫಾರಮಿನಲ್ಲಿ ತಂದೆಯ ಹೆಸರಿನ ಕಾಲಂ ಎದುರು ಏನು ಬರೆಯಬೇಕೆಂದು ತಾಯಿ ಸುಮ್ಮನೆ ನಿಂತಾಗ ಪಕ್ಕದಲ್ಲಿ ನಿಂತು ಹೆಡ್ಮಾಸ್ತರರ ಜೊತೆ ಮಾತಾಡಬಲ್ಲವಳು ಬೇಕಾಗಿದ್ದಳು. ಕಾಂಪೌಂಡಿನೊಳಗೆ ಕಲಿತ ಡಿಬೇಟು ಇಲ್ಲಿ ಕೆಲಸಕ್ಕೆ ಬಂತು. 2016ರ ಹೊತ್ತಿಗೆ ಕೇಂದ್ರ ಸರ್ಕಾರ ಆ ಯೋಜನೆಗೆ ತೆರೆ ಎಳೆಯಿತು. ಸಹಯೋಗಿನಿಯರು ಚದುರಿದರು, ಆದರೆ ಅವರು ಕಟ್ಟಿದ ಸಂಘಗಳಲ್ಲಿ ಮಾತಾಡುವುದನ್ನು ಕಲಿತ ಹೆಂಗಸರು ಗ್ರಾಮ ಪಂಚಾಯಿತಿಗೆ ನಿಂತರು.

ಪಂಚಾಯಿತಿಯ ಮಾತು ಬಂದದ್ದಕ್ಕೆ ಹೇಳುವುದಾದರೆ, ಕರ್ನಾಟಕ 1987ರ ಚುನಾವಣೆಯಲ್ಲೇ ಶೇ 25 ಸ್ಥಾನ ಮಹಿಳೆಯರಿಗೆ ಇಟ್ಟಿತ್ತು, ಈಗ ಅದು ಶೇ 50. ದೊಡ್ಡ ರಾಜಕಾರಣದಲ್ಲೂ ಬಳ್ಳಾರಿಗೆ ಹೆಣ್ಣುಮಕ್ಕಳು ಹೊಸಬರಲ್ಲ. ಬಸವರಾಜೇಶ್ವರಿ 1984ರಿಂದ ಸತತ ಮೂರು ಸಲ ಇಲ್ಲಿಂದ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಸಚಿವೆಯಾದರು. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಲ್ಲೇ ಎದುರುಬದುರಾದಾಗ ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದ್ದನ್ನು ಊರವರು ಇನ್ನೂ ಹೇಳುತ್ತಾರೆ. ಆದರೆ ಕಾಲೇಜು ಓದಿದ ಸ್ಥಳೀಯ ಹೆಣ್ಣುಮಗಳು ಟಿಕೆಟ್ ಕೇಳುವ ಮಟ್ಟಕ್ಕೆ ಬರುವುದು ಇಂದಿಗೂ ಅಪರೂಪ. ಕುರ್ಚಿ ಸಿಕ್ಕ ಕಡೆಯೂ ಎಷ್ಟೋ ಸಲ ‘ಅಧ್ಯಕ್ಷರ ಯಜಮಾನರು’ ಮೀಟಿಂಗಿನಲ್ಲಿ ಕೂತಿರುತ್ತಾರೆ.

ಸಾಹಿತ್ಯ, ಸಂಶೋಧನೆಯ ಕಡೆ ಚಿತ್ರ ಸ್ವಲ್ಪ ಬೇರೆ. ರಾಯಚೂರಿನಲ್ಲಿ ಶಾಂತರಸರು ಕನ್ನಡಕ್ಕೆ ಉರ್ದುವಿನ ಗಜಲ್ ತಂದರೆ, ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅದೇ ಪ್ರಕಾರದಲ್ಲಿ ಹೆಣ್ಣಿನ ದನಿಯನ್ನು ಗಟ್ಟಿ ಮಾಡಿದರು. ಉರ್ದುವಿನ ಕಾಲದ ಒಂದು ಹೊರೆ ಹೀಗೆ ಕಾವ್ಯದಲ್ಲಿ ಆಸ್ತಿಯಾಯಿತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂದ ಮೇಲೆ ಈ ಜಿಲ್ಲೆಗಳ ಪದವೀಧರೆಯರಿಗೆ ಸಂಶೋಧನೆ ಬಸ್ ಹಿಡಿದು ಹೋಗಿಬರುವಷ್ಟು ಹತ್ತಿರವಾಯಿತು. ಸೋಬಾನೆ ಪದ, ಗುರ್ಜವ್ವ, ಜೋಗತಿಯರ ಹಾಡು, ಲಂಬಾಣಿ ತಾಂಡಾದ ಬದುಕು ಪಿಎಚ್.ಡಿ. ವಿಷಯಗಳಾದವು. ತಾಯಿ ಹಾಡಿದ್ದನ್ನು ಮಗಳು ಬರೆದುಕೊಂಡಳು.

ಯಾರ ಮಗಳು, ಯಾರ ಹೆಂಡತಿ

ಇಷ್ಟಿದ್ದೂ ಕಾಲೇಜಿಗೆ ಇವರ ಗುರುತು ಏಕಿಲ್ಲ? ಹಳೆಯ ವಿದ್ಯಾರ್ಥಿಗಳ ಸಂಘ ಗಂಡುಮಕ್ಕಳ ಕಾಲೇಜಿನಲ್ಲಿ ತಾನಾಗಿ ಬೆಳೆಯುತ್ತದೆ. ಓದಿದ ಊರಿನಲ್ಲೇ ಅಂಗಡಿ, ವಕೀಲಿ, ಗುತ್ತಿಗೆ ಮಾಡುವ ಗಂಡಸರು ಕಾಲೇಜಿಗೆ ದುಡ್ಡು ಕೊಡುತ್ತಾರೆ, ಆಡಳಿತ ಮಂಡಳಿಗೆ ಚುನಾವಣೆಗೆ ನಿಲ್ಲುತ್ತಾರೆ. ಹೆಣ್ಣುಮಗಳು ಡಿಗ್ರಿಯ ಕೊನೆಯ ಪರೀಕ್ಷೆ ಬರೆದ ವರ್ಷವೇ ಊರು ಬಿಡುತ್ತಾಳೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ವಿಶ್ವವಿದ್ಯಾಲಯವೂ ಒಂದೇ ಅಲ್ಲ: 1980ಕ್ಕೆ ಮೊದಲು ಓದಿದವಳ ಪದವಿ ಧಾರವಾಡದ್ದು, ನಂತರದವಳದ್ದು ಗುಲಬರ್ಗಾದ್ದು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂದು ಉತ್ತರ ಕರ್ನಾಟಕದ 12 ಜಿಲ್ಲೆಗಳ ಮಹಿಳಾ ಕಾಲೇಜುಗಳಿಗೆ ವ್ಯಾಪ್ತಿ ಪಡೆಯಿತು. 2010ರಲ್ಲಿ ಬಳ್ಳಾರಿಗೇ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾಲಯ, ಆಮೇಲೆ ರಾಯಚೂರಿಗೂ ಕೊಪ್ಪಳಕ್ಕೂ ಒಂದೊಂದು. ಅಕ್ಕ, ತಂಗಿ, ಮಗಳು ಒಂದೇ ಕಾಲೇಜಿನಲ್ಲಿ ಓದಿ ಮೂರು ವಿಶ್ವವಿದ್ಯಾಲಯಗಳ ಸರ್ಟಿಫಿಕೇಟ್ ಹಿಡಿದಿರಬಹುದು.

ಒಂದು ಸಂಗತಿ ಮಾತ್ರ ಈ ಚದುರುವಿಕೆಯನ್ನು ತಡೆಯಿತು, ಅದನ್ನು ಹೊಗಳಬೇಕೋ ತೆಗಳಬೇಕೋ ಗೊತ್ತಿಲ್ಲ. ನಮ್ಮಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿ ಬಲವಾಗಿದೆ. ಅದರಿಂದ ಹುಡುಗಿ ಬಹಳ ದೂರ ಹೋಗುವುದಿಲ್ಲ. ಬಳ್ಳಾರಿಯಲ್ಲಿ ಓದಿದವಳು ಸಿರುಗುಪ್ಪಕ್ಕೆ, ರಾಯಚೂರಿನವಳು ಸಿಂಧನೂರಿಗೆ, ಕೊಪ್ಪಳದವಳು ಗಂಗಾವತಿಗೆ. ಇಲ್ಲವೇ ಗಡಿ ದಾಟಿ ಆದೋನಿ, ರಾಯದುರ್ಗ. ವಿದ್ಯೆ ಜಿಲ್ಲೆಯ ಆಸುಪಾಸಿನಲ್ಲೇ ಉಳಿದದ್ದಕ್ಕೆ ಯೋಜನೆಗಳಿಗಿಂತ ಈ ನೆಂಟಸ್ತಿಕೆ ಹೆಚ್ಚು ಕಾರಣ ಎಂಬುದು ನನ್ನ ಅನಿಸಿಕೆ.

ಸರ್ಕಾರದ ಮುಂದೆ ಬಂದಾಗ ಇದೇ ಪ್ರಶ್ನೆ ಕಾಗದದ ರೂಪದಲ್ಲಿ ಎದುರಾಗುತ್ತದೆ. ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ 2013ರಿಂದ ಈ ಭಾಗದವರಿಗೆ ನೌಕರಿ, ಪ್ರವೇಶದಲ್ಲಿ ಮೀಸಲಾತಿ ಇದೆ. ಅದಕ್ಕೆ ಸ್ಥಳೀಯರೆಂಬ ಅರ್ಹತಾ ಪತ್ರ ಬೇಕು. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯ 15,000 ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಇದ್ದವು. ದಶಕಗಳಲ್ಲಿ ಇಷ್ಟು ದೊಡ್ಡ ಬಾಗಿಲು ತೆರೆದಿರಲಿಲ್ಲ. ಅದೇ ನೇಮಕಾತಿಯಲ್ಲಿ ಒಂದು ತಕರಾರು ಎದ್ದಿತು: ಮದುವೆಯಾದ ಅಭ್ಯರ್ಥಿಯ ಜಾತಿ-ಆದಾಯ ಪ್ರಮಾಣಪತ್ರ ತಂದೆಯದಿರಬೇಕೋ ಗಂಡನದೋ? ತಂದೆಯದನ್ನು ಕೊಟ್ಟ ವಿವಾಹಿತೆಯರನ್ನು ಮೀಸಲಾತಿಯಡಿ ಪರಿಗಣಿಸಲಿಲ್ಲ. ಅವರು ಹೈಕೋರ್ಟಿಗೆ ಹೋದರು, ಪಟ್ಟಿಗಳು ಬದಲಾದವು, ನೇಮಕಾತಿ ತಿಂಗಳುಗಟ್ಟಲೆ ನಿಂತಿತು. ಸಿ.ಇ.ಟಿ. ಪಾಸಾಗಿ ಹುದ್ದೆಯ ಬಾಗಿಲಲ್ಲಿ ನಿಂತವಳು ತಾನು ಯಾರ ಮನೆಯವಳೆಂದು ತಹಶೀಲ್ದಾರರ ಸಹಿಯಿಂದ ಸಾಬೀತು ಮಾಡಬೇಕಾಯಿತು.

ಕಾಲೇಜುಗಳಿಗೆ ತಮ್ಮ ಹಳೆಯ ವಿದ್ಯಾರ್ಥಿನಿಯರ ನೆನಪು ಬಂದದ್ದು ಬಹುಮಟ್ಟಿಗೆ ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನಿಂದ. ಮೌಲ್ಯಾಂಕನಕ್ಕೆ ಬರುವ ತಂಡ ಹಳೆಯ ವಿದ್ಯಾರ್ಥಿಗಳ ಸಂಘ ಎಲ್ಲಿ, ಅದರ ಕೊಡುಗೆ ಏನು ಎಂದು ಕೇಳುತ್ತದೆ. ತಂಡ ಬರುವ ತಿಂಗಳಲ್ಲಿ ಸಂಘ ರಚನೆಯಾಗಿ, ಊರಿನಲ್ಲೇ ಇರುವ ಹತ್ತಾರು ಜನ ರೇಷ್ಮೆ ಸೀರೆಯುಟ್ಟು ಬಂದು ಗುಂಪು ಫೋಟೊ ತೆಗೆಸಿಕೊಳ್ಳುವುದನ್ನು ಕಂಡವರು ಬಹಳ. ನಿಜವಾದ ಸಂಘ ಕಟ್ಟಿದ್ದು ವಾಟ್ಸ್ಆ್ಯಪ್. ಬ್ಯಾಚಿಗೊಂದು ಗುಂಪು, ಮಕ್ಕಳ ಮದುವೆಗೆ ಕರೆ, ಯಾರಿಗೋ ಕ್ಯಾನ್ಸರ್ ಎಂದರೆ ಹಣ ಕೂಡಿಸುವುದು. ಕಾಲೇಜಿನ ಕಚೇರಿಗೆ ಇದರ ಸುಳಿವಿಲ್ಲ.

ಈಗಿನ ಹುಡುಗಿಯರ ಲೆಕ್ಕಾಚಾರ ಬೇರೆ. ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜುಗಳು ಬಂದಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾದ ಮೇಲೆ ಮೂವತ್ತು-ನಲವತ್ತು ಕಿಲೊಮೀಟರ್ ದೂರದ ಹಳ್ಳಿಯಿಂದ ದಿನಾ ಹೋಗಿಬರುವುದು ಅಪ್ಪನ ಜೇಬಿನ ಪ್ರಶ್ನೆಯಾಗಿ ಉಳಿದಿಲ್ಲ; ಬಸ್ಸು ಊರಿಗೆ ಬರುತ್ತದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಡಿಗ್ರಿ ಮುಗಿಸಿ ಬೆಂಗಳೂರಿನ ಪಿ.ಜಿ.ಯಲ್ಲಿದ್ದು ಕೆಲಸ ಹುಡುಕುವವರಿದ್ದಾರೆ, ಧಾರವಾಡದಲ್ಲಿ ರೂಮು ಮಾಡಿ ಪಿ.ಎಸ್.ಐ., ಪಿ.ಡಿ.ಒ. ಪರೀಕ್ಷೆಗೆ ಕೂತವರಿದ್ದಾರೆ. ಊರಲ್ಲೇ ಇದ್ದವರು ಪಿಯುಸಿ ಸಾಕೆನ್ನುವ ಅಂಗನವಾಡಿ ಹುದ್ದೆಗೆ ಬಿ.ಇಡಿ. ಮುಗಿಸಿಯೂ ಅರ್ಜಿ ಹಾಕುತ್ತಾರೆ, ಏಕೆಂದರೆ ಅದಕ್ಕೆ ಆಯಾ ಊರಿನ ನಿವಾಸಿಯೇ ಆಗಿರಬೇಕು ಮತ್ತು ಗಂಡನ ಮನೆ ಬಿಡಬೇಕಾಗಿಲ್ಲ.

ಎಂ.ಎ. ಮುಗಿಸಿದ ಜಾಣೆಯರಲ್ಲಿ ಹಲವರು ಓದಿದ ಕಡೆಗೇ ಮರಳುತ್ತಾರೆ, ಅತಿಥಿ ಉಪನ್ಯಾಸಕಿಯರಾಗಿ. ಕಾಯಂ ಹುದ್ದೆಗಳು ಖಾಲಿ ಇರುವ ಪದವಿ ಕಾಲೇಜುಗಳು ನಡೆಯುವುದು ಇಂಥವರಿಂದ. 2022ರ ಜನವರಿಯಲ್ಲಿ ಸರ್ಕಾರ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ಗರಿಷ್ಠ 32,000 ರೂಪಾಯಿಗೆ ಏರಿಸಿತು. ಜೊತೆಗೆ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಹೆಚ್ಚಿಸಿತು. ಒಬ್ಬರಿಗೆ ಹೆಚ್ಚು ಗಂಟೆ ಸಿಕ್ಕಾಗ ಇನ್ನೊಬ್ಬರಿಗೆ ಕೆಲಸ ಹೋಯಿತು. ಹೊಸ ಶೈಕ್ಷಣಿಕ ವರ್ಷ ಬಂದಾಗ ಮತ್ತೆ ಆನ್‌ಲೈನ್ ಅರ್ಜಿ, ಮತ್ತೆ ಕೌನ್ಸೆಲಿಂಗ್, ಮತ್ತೆ ಯಾವ ತಾಲೂಕಿನ ಕಾಲೇಜು ಸಿಗುತ್ತದೋ ಎಂಬ ಕಾಯುವಿಕೆ. ಗಂಡನ ಮನೆಯವರು ‘ಪರ್ಮನೆಂಟ್ ಯಾವಾಗ ಆಗ್ತದವ್ವ?’ ಎಂದು ಕೇಳುತ್ತಲೇ ಇರುತ್ತಾರೆ.